ಅನುಕರಣಪದಗಳೂ ಓಲೆಪ್ರತಿಗಳ ಪಾಠವೂ: ಒಂದು ವಿವೇಚನೆ

ಪ್ರಾಚೀನ ಕೃತಿಗಳ ಸಂಪಾದನೆಯಲ್ಲಿ ತೊಡಗಿದವರು ಒಂದು ವರ್ಗದ ಶಬ್ದಗಳ ವಿಷಯದಲ್ಲಿ ಸಾಮಾನ್ಯವಾಗಿ ಉದಾಸೀನರಾಗಿರುತ್ತಾರೆ. ಒಂದು ಪ್ರತಿಯಲ್ಲಿ ‘ಗಳಗಳ’ ಎಂದಿದ್ದು ಮತ್ತೊಂದರಲ್ಲಿ ‘ಘಳಘಳ’ ಎಂದಿದ್ದರೆ ಎರಡೂ ಒಂದೇ ಎಂದು ಭಾವಿಸಿ, ಕಿವಿಗೆ ಹಿತವಾದುದನ್ನು ಮೂಲದಲ್ಲಿರಿಸಿಕೊಂಡು, ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿಯೂ ಕಾಣಿಸದೆ ಬಿಡುವುದುಂಟು. ವಿಭಕ್ತಿಪ್ರತ್ಯಯವೊಂದರ ಬಿಂದು ಇದೆಯೋ ಇಲ್ಲವೋ ಎಂಬುದನ್ನು ಕುರಿತು ಪುಟಗಟ್ಟಲೆ ಚರ್ಚಿಸುವ ನಾವು, ಈ ಶಬ್ದಗಳಿಗೆ ಅರ್ಥವೇ ಇಲ್ಲವಾದ್ದರಿಂದ ಪಾಠವಿಚಾರವೂ ಬೇಕಿಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ವೈಯಾಕರಣರು ಅನುಕರಣವೆಂದು ಕರೆದಿರುವ ಈ ಪದಗಳು ಹಾಗೆ ಅಲಕ್ಷಿಸತಕ್ಕವೇ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ. ಈ ವಿಚಾರಕ್ಕೆ ನನ್ನನ್ನು ಎಳೆದುತಂದದ್ದು ನನ್ನದೇ ಒಂದು ತಪ್ಪು. ಆದುದರಿಂದ ಮೊದಲು ಅದನ್ನೇ ಹೇಳಿಬಿಡುವುದು ಯುಕ್ತ.

ಸಂಪಾದನಕಾರ್ಯದಲ್ಲಿ ಇನ್ನೂ ಹೊಸಬನಾಗಿದ್ದ ಕಾಲದಲ್ಲಿ ನಾನು ಒಂದು ಸಣ್ಣ ಜಿನಕಥೆಯ ಪಾಠವನ್ನು ಸಿದ್ಧಪಡಿಸುತ್ತಿದ್ದೆ. ಮೂರು ಓಲೆಪ್ರತಿಗಳು ದೊರೆತಿದ್ದವು. ಅದರ ಗದ್ಯಭಾಗವೊಂದರಲ್ಲಿ, ರಾತ್ರಿಯ ನಿಶ್ಶಬ್ದದಲ್ಲಿ ದೀಪದ ಬತ್ತಿ ಸದ್ದುಮಾಡುವುದನ್ನು ಹೇಳುವ ಸಂದರ್ಭ ಬರುತ್ತದೆ. ಅಲ್ಲಿ ಪ್ರತಿಗಳ ಪಾಠ ಏಕರೂಪವಾಗಿರಲಿಲ್ಲ. ‘ಚಿಟಿಚಿಟಿ’ ಎಂಬುದೂ ‘ಚಟಚಟ’ ಎಂಬುದೂ ಕಂಡುಬಂದಿದ್ದವು. ಕಾಡ್ಗಿಚ್ಚಿನ ವರ್ಣನೆಗಳಲ್ಲಿ ‘ಚಟಚಟ’ವನ್ನು ಅನೇಕ ಕಡೆ ಓದಿದ್ದ ನಾನು, ಬೆಂಕಿಯ ಸದ್ದಿಗೆ ಅದೇ ಪ್ರಸಿದ್ಧವೆಂದು ಅದನ್ನು ಸ್ವೀಕರಿಸಿದೆ. ಇನ್ನೊಂದು ರೂಪವನ್ನು ಲಿಪಿಕಾರನ ಸ್ಖಾಲಿತ್ಯವೆಂದು ತಿಳಿದು ದಾಖಲಿಸಲೂ ಇಲ್ಲ. ಪುಸ್ತಕ ಅಚ್ಚಾಯಿತು.

ಕೆಲವು ವರ್ಷಗಳ ಅನಂತರ ಒಂದು ಸಂಜೆ ಬಸದಿಯಲ್ಲಿ ಕುಳಿತಿದ್ದೆ. ಅಭಿಷೇಕದ ನೀರು ಸಿಡಿದು ನಂದಾದೀಪದ ಬತ್ತಿ ತೇವಗೊಂಡಿತ್ತು. ಇಂದ್ರರು ಒಳಗಿನಿಂದ ಬಂದು, “ಬತ್ತಿಗೆ ನೀರು ತಾಗಿದೆ ಪಂಡಿತರೇ, ಆಗಿನಿಂದ ಚಿಟಿಚಿಟಿ ಅನ್ನುತ್ತಾ ಇದೆ, ಬೇರೆ ಬತ್ತಿ ಹಾಕುತ್ತೇನೆ” ಎಂದರು. ಅವರು ಓಲೆಯನ್ನು ಓದಿದವರಲ್ಲ. ನನ್ನ ಪುಸ್ತಕವನ್ನೂ ಓದಿರಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ. ಅದು ಚಿಟಿಚಿಟಿಯೇ, ಚಟಚಟ ಆಗಿರಲು ಸಾಧ್ಯವೇ ಇರಲಿಲ್ಲ. ಚಟಚಟ ಎನ್ನುವುದು ಒಣಸೌದೆ, ಬಿದಿರು, ಬತ್ತಿಯಲ್ಲ.

ಇನ್ನು ಶಾಸ್ತ್ರವನ್ನು ನೋಡೋಣ. ಶಬ್ದದಿಂದಲೇ ಹೆಸರು ಹುಟ್ಟುತ್ತದೆಯೇ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಯಾಸ್ಕನು ನಿರುಕ್ತದ 3ನೆಯ ಅಧ್ಯಾಯದಲ್ಲಿ, ‘ಕಾಕ’ ಎಂಬ ಹೆಸರು ಆ ಹಕ್ಕಿಯ ಕೂಗಿನ ಅನುಕೃತಿ, ಪಕ್ಷಿಗಳ ಹೆಸರುಗಳಲ್ಲಿ ಇದು ಬಹಳವಾಗಿ ಕಾಣುತ್ತದೆ ಎನ್ನುತ್ತಾನೆ. ಕೂಡಲೇ ಔಪಮನ್ಯವನೆಂಬ ಪೂರ್ವಾಚಾರ್ಯನ ಮತವನ್ನೂ ಹೇಳುತ್ತಾನೆ: ಶಬ್ದಾನುಕೃತಿಯೆಂಬುದೇ ಇಲ್ಲ, ಎಲ್ಲ ನಾಮಗಳನ್ನೂ ಧಾತುವಿನಿಂದಲೇ ಸಾಧಿಸಬೇಕು. ಇವರಿಬ್ಬರ ವಾದ ಇಂದಿಗೂ ಮುಗಿದಿಲ್ಲ. ನಮ್ಮ ‘ಕಾಗೆ’ ಸಂಸ್ಕೃತದ ‘ಕಾಕ’ದ ತದ್ಭವವೆಂದು ಒಂದು ಪಕ್ಷ ಹೇಳುತ್ತದೆ, ತಮಿಳಿನ ‘ಕಾಕ್ಕೈ’ ಮೊದಲಾದುವನ್ನು ತೋರಿಸಿ ಅದು ದ್ರಾವಿಡದ್ದೇ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡು ಪಕ್ಷಗಳಿಗೂ ಪಾಠ ಹೇಳಿಕೊಟ್ಟ ಗುರು ಮಾತ್ರ ಮಾಡಿನ ಮೇಲೆ ಕುಳಿತು ಕೂಗುತ್ತಲೇ ಇದೆ.

ಪಾಣಿನಿಯು ಈ ತತ್ತ್ವವಿವಾದಕ್ಕೆ ಕೈಹಾಕದೆ ಪ್ರಯೋಗವನ್ನು ಮಾತ್ರ ನೋಡಿದನು. ಅವನು ಬಳಸಿದ ಪರಿಭಾಷೆ ‘ಅವ್ಯಕ್ತಾನುಕರಣ’ ಎಂಬುದು. ಅವ್ಯಕ್ತವೆಂದರೆ ವರ್ಣಗಳು ಸ್ಫುಟವಾಗಿಲ್ಲದ ಧ್ವನಿಯೆಂದು ಕಾಶಿಕಾವೃತ್ತಿ ವಿವರಿಸುತ್ತದೆ. ಅಂದರೆ ಹೊರಗಿನ ಸದ್ದಿನಲ್ಲಿ ಪಕಾರವೂ ಇಲ್ಲ, ಟಕಾರವೂ ಇಲ್ಲ. ಅವನ್ನು ಇಡುವವರು ನಾವು. ಇಟ್ಟಮೇಲೆ ಆ ಶಬ್ದ ವ್ಯಾಕರಣದ ಅಧೀನ. ‘ಪಟತ್’ ಎಂಬುದರ ಮುಂದೆ ‘ಇತಿ’ ಬಂದರೆ ‘ಪಟಿತಿ’ ಎಂದಾಗುತ್ತದೆ. ಕೃಧಾತುವಿನೊಡನೆ ಸೇರುವಾಗ ‘ಡಾಚ್’ ಪ್ರತ್ಯಯ ಬಂದು ‘ಪಟಪಟಾ ಕರೋತಿ’ ಎಂಬ ರೂಪ ಸಿದ್ಧಿಸುತ್ತದೆ. ಈ ಪ್ರತ್ಯಯಕ್ಕೆ ಆತನು ಒಂದು ನಿಬಂಧನೆಯನ್ನೂ ಹಾಕಿದ್ದಾನೆ: ಇಮ್ಮಡಿಯಾದ ಶಬ್ದದ ಅರ್ಧಭಾಗದಲ್ಲಿ ಎರಡು ಸ್ವರಗಳಾದರೂ ಇರಬೇಕು. ನಮ್ಮ ಜುಳುಜುಳು, ಗಣಗಣ, ಪಿಸುಪಿಸು, ದಡದಡಗಳನ್ನು ಬಿಡಿಸಿ ನೋಡಿದರೆ ಅರ್ಧಕ್ಕೆ ಎರಡೆರಡು ಸ್ವರಗಳೇ ಇರುವುದು ಕಾಣುತ್ತದೆ. ಕನ್ನಡಕ್ಕಾಗಿ ಬರೆಯದ ನಿಯಮ ಕನ್ನಡಕ್ಕೂ ಇಷ್ಟು ಸರಿಯಾಗಿ ಹೊಂದುವುದು ವಿಚಾರಾರ್ಹವಾಗಿದೆ.

ಇದೇ ಪ್ರಸಂಗದಲ್ಲಿ ಶಿಕ್ಷಾಶಾಸ್ತ್ರದ ಒಂದು ಸಂಗತಿಯನ್ನು ನೆನೆಯಬಹುದು. ಪಾಣಿನೀಯ ಶಿಕ್ಷೆಯಲ್ಲಿ ಮಾತ್ರಾಕಾಲವನ್ನು ತಿಳಿಸುವುದಕ್ಕೆ ಪ್ರಾಣಿಗಳ ಕೂಗನ್ನೇ ಅಳತೆಗೋಲಾಗಿ ಹಿಡಿಯಲಾಗಿದೆ. ಚಾಷಪಕ್ಷಿಯದು ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಹ್ರಸ್ವ ದೀರ್ಘ ಪ್ಲುತಗಳನ್ನು ಹೇಳುವ ಪಾಣಿನಿಸೂತ್ರದಲ್ಲಿ ಉಕಾರವನ್ನೇ ಏಕೆ ಆರಿಸಿಕೊಂಡನೆಂಬುದಕ್ಕೆ, ಕೋಳಿಯ ಕೂಗಿನಲ್ಲಿ ಆ ಸ್ವರವು ಕ್ರಮವಾಗಿ ಮೂರು ಅಳತೆಗಳಲ್ಲಿಯೂ ಕೇಳಿಸುತ್ತದೆಂದು ಪಾಠಶಾಲೆಗಳ ಪಂಡಿತರು ಸಮಾಧಾನ ಹೇಳುವುದನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಮನುಷ್ಯನು ಪಕ್ಷಿಯನ್ನು ಅನುಕರಿಸುವುದು ಒಂದೆಡೆಯಾದರೆ, ಅಕ್ಷರವನ್ನು ಅಳೆಯಲು ಪಕ್ಷಿಯನ್ನು ಕರೆತರುವುದು ಇನ್ನೊಂದೆಡೆ. ಈ ಕೋಳಿಯ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ಜೈನಶಾಸ್ತ್ರದಲ್ಲಿ ಶಬ್ದವು ಪುದ್ಗಲದ್ರವ್ಯದ ಪರ್ಯಾಯ. ವೈಶೇಷಿಕರು ಹೇಳುವಂತೆ ಅದು ಆಕಾಶದ ಗುಣವಲ್ಲ. ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದ 24ನೆಯ ಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಶಬ್ದವನ್ನು ವಿಭಾಗಿಸಿರುವ ಕ್ರಮ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಶಬ್ದವು ಭಾಷಾಲಕ್ಷಣವುಳ್ಳದ್ದೆಂದೂ ಅದಿಲ್ಲದ್ದೆಂದೂ ಎರಡು ವಿಧ. ಭಾಷಾತ್ಮಕವು ಸಾಕ್ಷರ, ಅನಕ್ಷರ ಎಂದು ಇಬ್ಬಗೆ. ದ್ವೀಂದ್ರಿಯಾದಿ ಜೀವಿಗಳ ಧ್ವನಿ ಅನಕ್ಷರದಲ್ಲಿ ಸೇರುತ್ತದೆ. ಅಭಾಷಾತ್ಮಕವು ಪ್ರಾಯೋಗಿಕ, ವೈಸ್ರಸಿಕ ಎಂದು ಇಬ್ಬಗೆ. ಮೋಡದ ಗುಡುಗು ಮೊದಲಾದ ತಾನಾಗಿ ಹುಟ್ಟುವ ಸದ್ದು ವೈಸ್ರಸಿಕ. ಪ್ರಯತ್ನದಿಂದ ಹುಟ್ಟುವ ವಾದ್ಯಧ್ವನಿ ಪ್ರಾಯೋಗಿಕ. ಅದು ತತ, ವಿತತ, ಘನ, ಸೌಷಿರವೆಂದು ನಾಲ್ಕು ತೆರ. ಇಲ್ಲಿ ಸಂಪಾದಕರು ಎಚ್ಚರಿಕೆಯಿಂದಿರಬೇಕಾದ ಒಂದಂಶವಿದೆ. ಭರತನ ನಾಟ್ಯಶಾಸ್ತ್ರದಲ್ಲಿ ತತವೆಂದರೆ ತಂತೀವಾದ್ಯ. ಪೂಜ್ಯಪಾದರಲ್ಲಿ ತತವೆಂದರೆ ಚರ್ಮವನ್ನು ಬಿಗಿದ ಭೇರಿ ಮೊದಲಾದುವು, ತಂತೀವಾದ್ಯ ವಿತತ. ಜೈನಕಾವ್ಯವೊಂದರಲ್ಲಿ ತತವಾದ್ಯದ ಸದ್ದಿಗೆ ‘ಧಿಮಿಧಿಮಿ’ ಎಂದಿರುವುದನ್ನು ಕಂಡು ‘ವೀಣೆಗೆ ಇದು ಹೊಂದದು’ ಎಂದು ತಿದ್ದಹೊರಟರೆ ಕವಿಗೆ ಅನ್ಯಾಯವಾಗುತ್ತದೆ.

ಈ ವಿಭಾಗವನ್ನು ಮುಂದಿಟ್ಟುಕೊಂಡು ನೋಡಿದರೆ ಅನುಕರಣಪದದ ಸ್ವರೂಪ ತಿಳಿಯಾಗುತ್ತದೆ. ಅಭಾಷಾತ್ಮಕವಾದುದನ್ನೂ ಅನಕ್ಷರವಾದುದನ್ನೂ ಸಾಕ್ಷರದೊಳಕ್ಕೆ ತಂದಾಗ ಹುಟ್ಟುವುದು ಅದು. ಹೊಳೆಯ ನೀರು ‘ಜುಳುಜುಳು’ ಎನ್ನುವುದಿಲ್ಲ, ಕನ್ನಡಿಗರು ಹಾಗೆನ್ನುತ್ತಾರೆ. ಜಕಾರವೂ ಉಕಾರವೂ ಳಕಾರವೂ ಕನ್ನಡದ ವರ್ಣಮಾಲೆಯಿಂದ ಬಂದವು, ಹೊಳೆಯಿಂದಲ್ಲ. ಆದರೂ ಯಾವ ವರ್ಣವನ್ನಾದರೂ ಇಡಬಹುದೆಂದಲ್ಲ. ಹೊಳೆಗೆ ‘ಚಟಚಟ’ ಎಂದವರನ್ನು ನಾವು ಇನ್ನೂ ಕಂಡಿಲ್ಲ. ಹೀಗೆ ಇದು ಸದ್ದಿನ ಪಡಿಯಚ್ಚೂ ಅಲ್ಲ, ಕೇವಲ ಸಂಕೇತವೂ ಅಲ್ಲ. ಒಂದು ಭಾಷೆಯನ್ನಾಡುವ ಜನ ಆ ಸದ್ದಿನ ವಿಷಯದಲ್ಲಿ ಬಹುಕಾಲದಿಂದ ಮಾಡಿಕೊಂಡು ಬಂದ ನಿರ್ಣಯವದು. ಪಾಠಾಂತರವು ಬೆಲೆಯುಳ್ಳದ್ದಾಗುವುದು ಈ ಕಾರಣದಿಂದಲೇ.

ಆ ನಿರ್ಣಯದ ಸೂಕ್ಷ್ಮತೆಯನ್ನು ಕನ್ನಡದ ಸ್ವರಗಳಲ್ಲಿ ನೋಡಬಹುದು. ಸಣ್ಣ ಗೆಜ್ಜೆ ‘ಕಿಣಿಕಿಣಿ’, ಪೂಜೆಯ ಗಂಟೆ ‘ಗಣಗಣ’, ದೊಡ್ಡ ಗಂಟೆ ‘ಢಣಢಣ’. ಎಣ್ಣೆಯಲ್ಲಿ ಸಾಸಿವೆ ‘ಚಿಟಿಚಿಟಿ’, ಒಲೆಯಲ್ಲಿ ಸೌದೆ ‘ಚಟಚಟ’. ಇಕಾರವು ಸಣ್ಣದರ, ಹಗುರವಾದುದರ ಕಡೆಗೂ ಅಕಾರವು ಅಗಲವಾದುದರ, ಬಲವಾದುದರ ಕಡೆಗೂ ವಾಲುತ್ತದೆ. ಉಕಾರವು ನೀರಿಗೂ ಅಡಗಿದ ದನಿಗೂ ಸಲ್ಲುತ್ತದೆ: ಜುಳುಜುಳು, ಗುಳುಗುಳು, ಗುಸುಗುಸು. ‘ಗುಸುಗುಸು’ವಿಗೂ ‘ಪಿಸುಪಿಸು’ವಿಗೂ ಇರುವ ಅಂತರವನ್ನು ವಿವರಿಸಿರೆಂದರೆ ಪಂಡಿತರು ತಡವರಿಸುತ್ತಾರೆ, ಬಳಸುವುದರಲ್ಲಿ ಮಕ್ಕಳೂ ತಪ್ಪುವುದಿಲ್ಲ. ಇದು ಸಾರ್ವತ್ರಿಕ ನಿಯಮವೆಂದು ನಾನು ಹೇಳುವುದಿಲ್ಲ, ಅಪವಾದಗಳು ಬೇಕಾದಷ್ಟಿವೆ. ಆದರೆ ಎರಡು ಪಾಠಗಳ ನಡುವೆ ಆಯ್ಕೆ ಬಂದಾಗ ಈ ಒಲವನ್ನು ಗಮನಿಸದಿರುವುದು ಸರಿಯಲ್ಲ.

ಮಹಾಪ್ರಾಣದ ಸಂಗತಿಯೂ ಹೀಗೆಯೇ. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ವಿರಳ. ಅದು ಸ್ವತಂತ್ರವಾಗಿ ಕಾಣಿಸಿಕೊಳ್ಳುವ ಕೆಲವೇ ಎಡೆಗಳಲ್ಲಿ ಅನುಕರಣಪದವೊಂದು: ಧಗಧಗ, ಘಮಘಮ, ಝಣಝಣ, ಥಳಥಳ, ಛಟಛಟ. ಸಂಸ್ಕೃತದಿಂದ ಎರವಲು ಪಡೆದ ವರ್ಣಗಳನ್ನು ಕನ್ನಡವು ತನ್ನ ಸ್ವಂತ ಪ್ರಯೋಜನಕ್ಕೆ, ದನಿಯ ಬಿರುಸನ್ನು ಹೆಚ್ಚಿಸಲು, ದುಡಿಸಿಕೊಂಡಿತೆಂದು ತೋರುತ್ತದೆ. ಹಾಗಾದರೆ ‘ಗಳಗಳ’, ‘ಘಳಘಳ’ಗಳು ಒಂದೇ ಶಬ್ದದ ಎರಡು ಬರವಣಿಗೆಗಳಲ್ಲ. ಕಣ್ಣೀರು ಗಳಗಳನೆ ಸುರಿಯುತ್ತದೆ. ಘಳಘಳ ಎನ್ನಬೇಕಾದರೆ ಘಂಟೆಯೋ ರಥವೋ ಬೇಕು. ಇಂದಿನ ಆಡುಮಾತಿನಲ್ಲಿ ಮಹಾಪ್ರಾಣದ ಉಚ್ಚಾರ ಸಡಿಲಗೊಂಡಿರುವುದರಿಂದ ಈ ಭೇದ ನಮಗೆ ಕಿವಿಗೆ ಬೀಳುವುದಿಲ್ಲ. ನಮ್ಮ ಕಿವಿಯ ಮಾಂದ್ಯವನ್ನು ಹಳೆಯ ಕವಿಗಳ ಮೇಲೆ ಹೊರಿಸಬಾರದಷ್ಟೆ.

ಮೇಲಿನ ಉದಾಹರಣೆಗಳಲ್ಲಿ ‘ಘಮಘಮ’, ‘ಥಳಥಳ’ಗಳನ್ನು ಕಂಡು, ಪರಿಮಳಕ್ಕೂ ಹೊಳಪಿಗೂ ಸದ್ದೆಲ್ಲಿದೆ ಎಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮಿಣಮಿಣ ಎನ್ನುವ ದೀಪ, ಚುರುಚುರು ಎನ್ನುವ ಗಾಯ, ಜುಮ್ಮೆನ್ನುವ ಮೈ, ಇವು ಯಾವ ಧ್ವನಿಯ ಅನುಕರಣ? ಇದಕ್ಕೆ ನಮ್ಮ ಪ್ರಾಚೀನರಲ್ಲಿ ಉತ್ತರವಿದೆ. 12ನೆಯ ಶತಮಾನದಲ್ಲಿ ಆಚಾರ್ಯ ಹೇಮಚಂದ್ರರು ತಮ್ಮ ಸಿದ್ಧಹೇಮಶಬ್ದಾನುಶಾಸನದ 8ನೆಯ ಅಧ್ಯಾಯದಲ್ಲಿ ಅಪಭ್ರಂಶವನ್ನು ನಿರೂಪಿಸುವಾಗ, ‘ಹುಹುರು’ ಮೊದಲಾದುವನ್ನು ಶಬ್ದದ ಅನುಕರಣದಲ್ಲಿಯೂ ‘ಘುಗ್ಘ’ ಮೊದಲಾದುವನ್ನು ಚೇಷ್ಟೆಯ ಅನುಕರಣದಲ್ಲಿಯೂ ಪ್ರಯೋಗಿಸಬೇಕೆಂದು ವಿಧಿಸುತ್ತಾರೆ. ಸದ್ದನ್ನಲ್ಲದೆ ಚಲನೆಯನ್ನು, ಭಂಗಿಯನ್ನು ಅನುಕರಿಸುವ ಪದಗಳುಂಟೆಂದು ಒಂದೇ ಸೂತ್ರದಲ್ಲಿ ಬೇರ್ಪಡಿಸಿ ಹೇಳಿದ್ದು ಅಸಾಧಾರಣವಾದ ದೃಷ್ಟಿ. ಪಾಶ್ಚಾತ್ಯ ಭಾಷಾವಿಜ್ಞಾನಿಗಳು ಆಫ್ರಿಕದ ಭಾಷೆಗಳನ್ನು ಅಭ್ಯಸಿಸುತ್ತ ಇಂತಹ ಪದಗಳಿಗೆ ಪ್ರತ್ಯೇಕ ಹೆಸರಿಟ್ಟದ್ದು 20ನೆಯ ಶತಮಾನದಲ್ಲಿ.

ದ್ರಾವಿಡ ವ್ಯಾಕರಣಪರಂಪರೆಯಲ್ಲಿಯೂ ಇದರ ಅರಿವಿತ್ತು. ತಮಿಳಿನ ತೊಲ್ಕಾಪ್ಪಿಯಂ ‘ಎನ’ ಎಂಬ ಅವ್ಯಯಕ್ಕೆ ಆರು ಅರ್ಥಕ್ಷೇತ್ರಗಳನ್ನು ಹೇಳುತ್ತದೆ. ಅವುಗಳಲ್ಲಿ ‘ಇಸೈ’ ಅಂದರೆ ಧ್ವನಿ, ‘ಕುಱಿಪ್ಪು’ ಅಂದರೆ ಇಂಗಿತ, ‘ಪಣ್ಬು’ ಅಂದರೆ ಗುಣ, ಇವು ಸೇರಿವೆ. ಜೋಡಿಯಾಗಿಯೇ ನಿಲ್ಲುವ ಪದಗಳು ಬಿಡಿಯಾಗಿ ಅರ್ಥಕೊಡುವುದಿಲ್ಲವೆಂದೂ ಅದು ಹೇಳುತ್ತದೆ. ಆ ‘ಎನ’ವೇ ನಮ್ಮ ‘ಎನೆ’. ತೊಟ್ಟನೆ, ಥಟ್ಟನೆ, ಭೋಂಕನೆ ಎಂಬಲ್ಲೆಲ್ಲ ಕೊನೆಗಿರುವುದು ‘ಎನ್’ ಧಾತುವಿನ ರೂಪ. ಕೇಶಿರಾಜನ ಪದ್ಧತಿಯನ್ನನುಸರಿಸಿದ ನಮ್ಮ ವ್ಯಾಕರಣಗಳಲ್ಲಿ ಇವು ಅವ್ಯಯಗಳ ಗುಂಪಿಗೆ ಸೇರುತ್ತವೆ. ಸಂಸ್ಕೃತದಲ್ಲಿ ಸದ್ದನ್ನು ‘ಮಾಡಲಾಗುತ್ತದೆ’, ಅಲ್ಲಿ ಕೃಧಾತು. ಕನ್ನಡದಲ್ಲಿ ಸದ್ದು ‘ಎನ್ನುತ್ತದೆ’. ಬತ್ತಿಯೂ ಎನ್ನುತ್ತದೆ, ಹೊಳೆಯೂ ಎನ್ನುತ್ತದೆ, ಮೈಯೂ ಜುಮ್ಮೆನ್ನುತ್ತದೆ. ಇಂದ್ರರು ಆಡಿದ ಮಾತಿನಲ್ಲಿದ್ದದ್ದೂ ಇದೇ ಧಾತು.

ಇಂತಹ ಪದಗಳು ಓಲೆಯ ಮೇಲೆ ಹೇಗೆ ಕೆಡುತ್ತವೆಂಬುದನ್ನು ಈಗ ನೋಡೋಣ. ಲಿಪಿಕಾರನು ಅರ್ಥವನ್ನು ಹಿಡಿದುಕೊಂಡು ಬರೆಯುವವನಾದರೆ ಅರ್ಥವುಳ್ಳ ಪದ ತಪ್ಪಿದಾಗ ತಾನೇ ಎಚ್ಚರಗೊಳ್ಳುತ್ತಾನೆ. ಅನುಕರಣಪದದಲ್ಲಿ ಹಾಗೆ ಎಚ್ಚರಿಸುವ ಅರ್ಥವಿಲ್ಲ. ಓಲೆಯಲ್ಲಿ ಪದಗಳ ನಡುವೆ ಬಿಡುವಿಲ್ಲದ್ದರಿಂದ ‘ಘುಳುಘುಳು’ವಿನಂತಹ ಕಡೆ ಕಣ್ಣು ಜಾರಿ ಒಂದು ಜೋಡಿ ಬಿಟ್ಟುಹೋಗುವುದು, ಇಲ್ಲವೆ ಮೂರಾಗುವುದು ಸುಲಭ. ಮಹಾಪ್ರಾಣದ ಸೀಳುಗೆರೆಯನ್ನು ಕಂಠದ ಮೊನೆ ಮುಟ್ಟದೆ ಹೋದರೆ ಧಕಾರ ದಕಾರವಾಗುತ್ತದೆ. ಅನುನಾಸಿಕದ ಒತ್ತಕ್ಷರಕ್ಕೆ ಸೊನ್ನೆಯನ್ನು ಬರೆಯುವ ರೂಢಿಯಿಂದ ‘ತಮ್ಮ’ ಎಂಬುದು ‘ತಂಮ’ ಆಗಿರುವಂತೆ ‘ಝಮ್ಮನೆ’ ಎಂಬುದು ‘ಝಂಮನೆ’ ಆಗಿರುತ್ತದೆ. ಇದನ್ನರಿಯದವರು ಸೊನ್ನೆಯನ್ನು ಅನುಸ್ವಾರದಂತೆಯೇ ಓದಿ ಹೊಸದೊಂದು ಸದ್ದನ್ನು ಹುಟ್ಟಿಸುತ್ತಾರೆ. ಉತ್ತರದ ದೇವನಾಗರೀ ಜೈನಪ್ರತಿಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಪುನರುಕ್ತಪದವನ್ನು ಮತ್ತೆ ಬರೆಯುವ ಬದಲು ಅದರ ಮುಂದೆ 2 ಎಂಬ ಅಂಕಿಯನ್ನು ಇಡುವ ಪದ್ಧತಿಯುಂಟು. ಪ್ರತಿಯಿಂದ ಪ್ರತಿಗೆ ಇಳಿಯುವಾಗ ಆ ಅಂಕಿ ಮಾಸಿಹೋದರೆ ಇಮ್ಮಡಿಯ ಸದ್ದು ಒಮ್ಮಡಿಯಾಗಿ ಉಳಿಯುತ್ತದೆ.

ಪದ್ಯದಲ್ಲಿ ಛಂದಸ್ಸು ಕಾಯುತ್ತದಲ್ಲವೆ ಎಂದು ಕೇಳಬಹುದು. ಕಾಯುತ್ತದೆ; ಆದರೆ ಅರ್ಧ ಮಾತ್ರ. ಕಂದದ ಗಣಗಳೆಲ್ಲ ನಾಲ್ಕು ಮಾತ್ರೆಯವು. ‘ಘುಳುಘುಳು’ ಎಂದರೆ ನಾಲ್ಕು ಲಘು, ಸರಿಯಾಗಿ ಒಂದು ಗಣ. ಪದ್ಯಾರ್ಧದ 6ನೆಯ ಗಣದಲ್ಲಿ ಮಧ್ಯಗುರುವಾಗಲಿ ಸರ್ವಲಘುವಾಗಲಿ ಬರಲೇಬೇಕೆಂಬ ನಿಯಮವಿರುವಲ್ಲಿ ಇದಕ್ಕಿಂತ ಒದಗುವ ಪದ ಮತ್ತೊಂದಿಲ್ಲ. ‘ಥಟ್ಟನೆ’ ಎಂಬುದೂ ಒಂದು ಗುರು ಎರಡು ಲಘುಗಳಿಂದ ನಾಲ್ಕೇ ಮಾತ್ರೆ. ನಮ್ಮ ಚಂಪೂಕವಿಗಳ ಕಂದಗಳಿಗೆ ಈ ಪದಗಳು ಇಷ್ಟು ಚೆನ್ನಾಗಿ ಒಪ್ಪಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ಆದುದರಿಂದ ಒಂದು ಜೋಡಿ ಬಿಟ್ಟುಹೋದರೆ ಮಾತ್ರೆ ಎಣಿಸಿದವನಿಗೆ ತಿಳಿಯುತ್ತದೆ. ಆದರೆ ‘ಚಿಟಿಚಿಟಿ’ ಹೋಗಿ ‘ಚಟಚಟ’ ಬಂದರೆ? ಎರಡರದೂ ನಾಲ್ಕು ಲಘು. ಪ್ರಾಸಸ್ಥಾನದಲ್ಲಿದ್ದರೂ ಎರಡನೆಯ ವ್ಯಂಜನ ಟಕಾರವೇ, ಪ್ರಾಸವೂ ದೂರುವುದಿಲ್ಲ. ಮಹಾಪ್ರಾಣ ಅಲ್ಪಪ್ರಾಣವಾದರೂ ಮಾತ್ರೆ ಅಷ್ಟೇ. ಕಳ್ಳನು ಮನೆಯವನ ಅಂಗಿಯನ್ನೇ ತೊಟ್ಟು ಒಳಗೆ ಬಂದಂತೆ. ಇನ್ನು ಗದ್ಯದಲ್ಲಂತೂ ಕಾವಲೇ ಇಲ್ಲ. ಯುದ್ಧದ, ಮಳೆಯ, ಉತ್ಸವದ ಸದ್ದನ್ನೆಲ್ಲ ಚಂಪೂಕವಿಗಳು ಧಾರಾಳವಾಗಿ ಸುರಿಯುವುದು ಗದ್ಯದಲ್ಲಿಯೇ.

ಹೀಗಿರುವಲ್ಲಿ ಸಂಪಾದಕನಿಗೆ ಆಧಾರವೇನು? ಪ್ರಸಿದ್ಧವಾದ ರೂಪವು ಅಪ್ರಸಿದ್ಧವಾದುದನ್ನು ಓಡಿಸುತ್ತದೆಯೇ ಹೊರತು ಅಪ್ರಸಿದ್ಧವು ತಾನಾಗಿ ಹುಟ್ಟುವುದು ಅಪರೂಪವೆಂಬ ಸಾಮಾನ್ಯನ್ಯಾಯ ಇಲ್ಲಿಯೂ ಸಲ್ಲುತ್ತದೆ. ಅದರ ಜೊತೆಗೆ ನಿಘಂಟುಗಳನ್ನು ನೋಡಬೇಕು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕೋಶದಲ್ಲಿ ಇಂತಹ ಪದಗಳಿಗೆ ದೊರೆತಿರುವ ಸ್ಥಾನ ಸಣ್ಣದಲ್ಲ. ಇದು ಧ್ವನ್ಯನುಕರಣವೆಂದು ಒಂದೊಂದನ್ನೂ ಗುರುತಿಸಿ ಅವರು ನಮೂದಿಸಿದ್ದಾರೆ. ಪರದೇಶದಿಂದ ಬಂದ ಆ ವಿದ್ವಾಂಸರಿಗೆ ಈ ಪದಗಳು ಹೊಸವಾಗಿ ಕೇಳಿಸಿದ್ದರಿಂದಲೇ ಬರೆದುಕೊಂಡರೇನೋ. ಮೂರನೆಯದಾಗಿ, ಆಡುಮಾತನ್ನು ಕೇಳಬೇಕು. ಇದನ್ನು ನಾನು ತಡವಾಗಿ ಕಲಿತೆ.

ಈ ಪದಗಳ ಚರಿತ್ರೆಗೆ ಕರ್ನಾಟಕದಲ್ಲಿಯೇ ರಚಿತವಾದ ಒಂದು ಅಪಭ್ರಂಶ ಸಾಹಿತ್ಯಭಾಗ ಬಹಳ ಮುಖ್ಯವಾದುದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದಲ್ಲಿ, ಈಗಿನ ಮಳಖೇಡದಲ್ಲಿ, ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತ ಕವಿಯು ತನ್ನ ಮಹಾಪುರಾಣವನ್ನು 959ರಲ್ಲಿ ಆರಂಭಿಸಿ 965ರಲ್ಲಿ ಮುಗಿಸಿದನು. ಪಿ. ಎಲ್. ವೈದ್ಯರು 1937ರಿಂದ 1941ರವರೆಗೆ ಇದನ್ನು ಸಂಪಾದಿಸಿ ಪ್ರಕಟಿಸಿದರು. ಅಪಭ್ರಂಶದ ಕಡವಕಗಳಲ್ಲಿ ಅನುಕರಣಪದಗಳು ಸಂಸ್ಕೃತ ಮಹಾಕಾವ್ಯಗಳಲ್ಲಿ ಕಾಣದಷ್ಟು ದಟ್ಟವಾಗಿವೆ. ಯುದ್ಧ ಬಂದರೆ ಇಡೀ ಸಾಲುಗಳೇ ವಾದ್ಯಗಳಂತೆ ಮೊಳಗುತ್ತವೆ. ಪಂಪನ ಆದಿಪುರಾಣ 941ರದು; ಪೊನ್ನನು ಇದೇ ಕೃಷ್ಣನ ಕಾಲದವನು. ಒಂದೇ ರಾಜ್ಯದಲ್ಲಿ, ಒಂದೇ ಧರ್ಮದ ಕವಿಗಳು, ಒಂದೇ ಪುರಾಣಕಥೆಯನ್ನು, ಎರಡು ಭಾಷೆಗಳಲ್ಲಿ ಹೇಳುತ್ತಿದ್ದರು. ಒಬ್ಬರ ಸದ್ದು ಇನ್ನೊಬ್ಬರ ಕಿವಿಗೆ ಬೀಳದೆ ಇದ್ದೀತೆ?

ಎಂ. ಬಿ. ಎಮೆನೋ ಅವರು 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅನುಕರಣಪದಗಳು ದ್ರಾವಿಡ ಮತ್ತು ಆರ್ಯಭಾಷೆಗಳೆರಡಕ್ಕೂ ಸಾಮಾನ್ಯವಾದ, ಭಾರತವನ್ನು ಒಂದು ಭಾಷಾಕ್ಷೇತ್ರವೆಂದು ತೋರಿಸುವ ಲಕ್ಷಣಗಳಲ್ಲಿ ಒಂದೆಂದು ಪ್ರತಿಪಾದಿಸಿದರು. ಅನೇಕ ಪದಗಳು ಎರಡೂ ಕುಟುಂಬಗಳಲ್ಲಿ ಹಂಚಿಕೊಂಡಿರುವುದನ್ನು ಅವರು ತೋರಿಸಿದ್ದಾರೆ. ಒಂದೊಂದು ಪದವನ್ನು ಕುರಿತು ‘ಯಾರಿಂದ ಯಾರಿಗೆ’ ಎಂದು ನಿರ್ಣಯಿಸುವುದು ಮಾತ್ರ ಕಷ್ಟ. ಗಂಟೆಯ ಸದ್ದನ್ನು ಇಬ್ಬರೂ ಬೇರೆಬೇರೆಯಾಗಿ ಕೇಳಿ ಒಂದೇ ಪದವನ್ನು ಕಟ್ಟಿರಬಹುದು. ಇಂತಹ ನಿರ್ಣಯಕ್ಕೆ ಬೇಕಾದ ಸಾಮಗ್ರಿಯಾದರೋ ಸ್ವರ, ಪ್ರಾಣ, ದ್ವಿತ್ವಗಳ ಸೂಕ್ಷ್ಮಭೇದಗಳೇ. ಸಂಪಾದಕರು ಕ್ಷುಲ್ಲಕವೆಂದು ಕೈಬಿಟ್ಟ ಪಾಠಾಂತರಗಳೇ. ಪುಷ್ಪದಂತನ ‘ಘ’ಕ್ಕೂ ಪಂಪನ ‘ಗ’ಕ್ಕೂ ಹೋಲಿಕೆ ನಡೆಸುವವನಿಗೆ ಅಚ್ಚಾದ ಪುಸ್ತಕದಲ್ಲಿ ಕಾಣುವುದು ಕವಿಯ ಅಕ್ಷರವೋ ಸಂಪಾದಕನ ಅಭಿರುಚಿಯೋ ತಿಳಿಯದಿದ್ದರೆ ಹೋಲಿಕೆಯಿಂದ ಬರುವ ಫಲವೇನು?

ಕೋಳಿಯ ಮಾತನ್ನು ಬಾಕಿ ಇರಿಸಿದ್ದೆ. ಯಶೋಧರನ ಕಥೆ ಜೈನರಿಗೆ ಹೊಸತಲ್ಲ. ಸೋಮದೇವನ ಯಶಸ್ತಿಲಕ 959ರದು. ಪುಷ್ಪದಂತನ ಜಸಹರಚರಿಉ, ವಾದಿರಾಜನ ಯಶೋಧರಚರಿತ, 1209ರಲ್ಲಿ ಜನ್ನನ ಯಶೋಧರಚರಿತೆ ಹೀಗೆ ಪರಂಪರೆ ಸಾಗುತ್ತದೆ. ಕಥೆಯ ಕೀಲು ಒಂದು ಹಿಟ್ಟಿನ ಕೋಳಿ. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ನಿಜವಾದ ಪ್ರಾಣಿಯನ್ನು ಕೊಲ್ಲದೆ ಹಿಟ್ಟಿನ ಹುಂಜವನ್ನು ಬಲಿಗೊಡುತ್ತಾನೆ. ಜನ್ನನಲ್ಲಿ ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಹಿಂಸೆಯ ಸಂಕಲ್ಪವೇ ಹಿಂಸೆಯೆಂಬ ತತ್ತ್ವವು ಅರಸನಿಗೆ ಹೊಳೆಯುವುದು ಉಪದೇಶದಿಂದಲ್ಲ, ಒಂದು ಸದ್ದಿನಿಂದ. ಭವಾಂತರಗಳಲ್ಲಿ ತೊಳಲಿದ ತಾಯಿಮಕ್ಕಳು ಕಡೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಮಾತನ್ನು ಕೇಳಿ ಹರ್ಷದಿಂದ ಕೂಗಿದಾಗ, ಅರಸ ಯಶೋಮತಿಯು ಶಬ್ದವೇಧಿವಿದ್ಯೆಯನ್ನು ಮೆರೆಯಲು ಆ ಕೂಗಿನ ಜಾಡಿನಲ್ಲಿಯೇ ಬಾಣಬಿಡುತ್ತಾನೆ. ಕಥೆ ಕೂಗಿನಿಂದ ಕೆಳಗಿಳಿದು ಕೂಗಿನಿಂದಲೇ ಮೇಲೇರುತ್ತದೆ.

ಇನ್ನು ಆ ಕೂಗಿನ ಬರವಣಿಗೆ. ನಮ್ಮ ಹಳೆಯ ಓಲೆಪ್ರತಿಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರಹದಲ್ಲಿ ಭೇದವಿಲ್ಲ. ದೀರ್ಘಚಿಹ್ನೆಯನ್ನು ಈಗ ನಾವು ಅಚ್ಚಿನಲ್ಲಿ ಹಾಕುತ್ತೇವೆ. ಇತರ ಪದಗಳಲ್ಲಿ ಅರ್ಥ ದಾರಿತೋರುತ್ತದೆ. ಛಂದಸ್ಸು ಉಳಿದುದನ್ನು ಹೇಳುತ್ತದೆ. ಆದರೆ ಗದ್ಯದಲ್ಲಿ ಕೋಳಿಯ ಕೂಗನ್ನು ಒಕಾರದಿಂದ ಬರೆದಿದ್ದರೆ ಅದು ಹ್ರಸ್ವವೋ ದೀರ್ಘವೋ ಪ್ಲುತವೋ? ಹ್ರಸ್ವದೀರ್ಘಪ್ಲುತಗಳಿಗೇ ಅಳತೆಗೋಲಾದ ಪಕ್ಷಿಯ ಕೂಗಿನ ಅಳತೆಯನ್ನು ನಮ್ಮ ಓಲೆಗಳು ಹೇಳುವುದಿಲ್ಲ. ಸಂಪಾದಕನೇ ನಿರ್ಣಯಿಸಬೇಕು, ನಿರ್ಣಯಿಸಿದ್ದು ತಾನೆಂದು ಟಿಪ್ಪಣಿಯಲ್ಲಿ ಒಪ್ಪಿಕೊಳ್ಳಬೇಕು. ನಾನು ಈಚೆಗೆ ಸಂಪಾದಿಸುವ ಪಠ್ಯಗಳಲ್ಲಿ ಅನುಕರಣಪದಗಳ ಪಾಠಾಂತರಗಳನ್ನು ಒಂದೂ ಬಿಡದೆ, ಮಹಾಪ್ರಾಣಭೇದವನ್ನೂ ಸೊನ್ನೆಯನ್ನೂ ಪ್ರತಿಯಲ್ಲಿದ್ದಂತೆಯೇ, ಪ್ರತ್ಯೇಕವಾಗಿ ಕೊಡುತ್ತಿದ್ದೇನೆ. ಅಚ್ಚಿನ ಖರ್ಚು ಹೆಚ್ಚುತ್ತದೆಂದು ಆಕ್ಷೇಪಣೆ ಬಂದದ್ದುಂಟು.

ಬಸದಿಯಿಂದ ಹಿಂದಿರುಗಿದ ಮರುವಾರವೇ ಆ ಮೂರು ಪ್ರತಿಗಳನ್ನು ಮತ್ತೆ ನೋಡಲು ಹೋದೆ. ಒಂದರಲ್ಲಿ ‘ಚಿಟಿಚಿಟಿ’ ಸ್ಪಷ್ಟವಾಗಿದೆ. ಎರಡನೆಯದರಲ್ಲಿ ‘ಚಟಚಟ’ ಎಂದಿದೆ. ಮೂರನೆಯದು ಇವೆರಡಕ್ಕಿಂತ ಹಳೆಯ ಪ್ರತಿ. ಅದರ ಆ ಗರಿಯ ಬಲತುದಿ ಅಷ್ಟರೊಳಗೆ ಹುಳು ತಿಂದು ಮುರಿದುಹೋಗಿತ್ತು. ಆ ಸಾಲಿನಲ್ಲಿ ‘ಬತ್ತಿ’ ಎಂಬಲ್ಲಿಯವರೆಗೆ ಮಾತ್ರ ಉಳಿದಿದೆ. ಮೊದಲ ಬಾರಿ ನೋಡಿದಾಗ ಗರಿ ಇಡಿಯಾಗಿತ್ತು. ಅಂದಿನ ನನ್ನ ಟಿಪ್ಪಣಿಪುಸ್ತಕವನ್ನು ತೆಗೆದು ನೋಡಿದೆ. ಆ ಸಾಲಿನ ಎದುರು ಏನನ್ನೂ ಬರೆದಿಲ್ಲ.